ಸಹಾಯ ಬೇಕು: ಸೀರೆ ಅಂಗಡಿಯ ಫೋಟೊಗಳಲ್ಲಿ ಸೆರಗೇ ಕಾಣುತ್ತಿಲ್ಲ

ನಮಸ್ಕಾರ. ಇಳಕಲ್ ಸೀರೆ ಮಾರಲು ವೂಕಾಮರ್ಸ್‌ನಲ್ಲಿ (ವರ್ಡ್‌ಪ್ರೆಸ್ ಸೈಟ್‌ಗೆ ಅಂಗಡಿ ಸೇರಿಸುವ ಪ್ಲಗಿನ್) ಆನ್‌ಲೈನ್ ಅಂಗಡಿ ಕಟ್ಟುತ್ತಿದ್ದೇನೆ. ಪೇಮೆಂಟ್, ಡೆಲಿವರಿ ಎಲ್ಲ ಸರಿಯಾಗಿದೆ. ಅಂದದ ವಿಷಯದಲ್ಲಿ ಮಾತ್ರ ಸಿಕ್ಕಿಕೊಂಡಿದ್ದೇನೆ.

ಇಳಕಲ್ ಸೀರೆ ಅಂದರೆ ಕೆಂಪು ರೇಷ್ಮೆಯ ಟೋಪ್ ತೆನಿ ಸೆರಗು, ಅದರ ಮೇಲೆ ಬಿಳಿ ವಿನ್ಯಾಸ. ಅದನ್ನು ನೋಡಿಯೇ ಜನ ಕೊಳ್ಳುವುದು, ಅಲ್ವಾ? ಆದರೆ ಸೀರೆಗಳ ಪಟ್ಟಿಯ ಪುಟದಲ್ಲಿ ಥಂಬ್‌ನೇಲ್ (ಪ್ರತಿ ಸೀರೆಯ ಚಿಕ್ಕ ಫೋಟೊ) 1:1 ಚೌಕಕ್ಕೆ ಕತ್ತರಿಸಿಕೊಂಡು ಬರುತ್ತದೆ. ಸೆರಗು ಅರ್ಧಕ್ಕೇ ಹೋಗುತ್ತದೆ, ಉಳಿಯುವುದು ಬರೀ ಒಡಲಿನ ಬಣ್ಣ. ಗೋಮಿ ಅಂಚು, ಚಿಕ್ಕಿ ಪರಾಸ್ ಅಂಚು ಎರಡೂ ಒಂದೇ ಥರ ಕಾಣುತ್ತವೆ.

ಥೀಮ್ ಸೆಟ್ಟಿಂಗ್ ಬದಲಿಸುವ ಕಸ್ಟಮೈಸರ್‌ನಲ್ಲಿ 'ಅನ್‌ಕ್ರಾಪ್ಡ್' (ಕತ್ತರಿಸದೆ ತೋರಿಸು) ಹಾಕಿ ನೋಡಿದೆ. ಫೋಟೊ ಪೂರ್ತಿ ಬಂತು, ಆದರೆ ಒಂದೊಂದು ಸೀರೆಯ ಕಾರ್ಡ್‌ಗಳ ಎತ್ತರ ಏರುಪೇರಾಗಿ ಮೊಬೈಲ್‌ನಲ್ಲಿ ಪುಟ ಸಂತೆಯಂತೆ ಕಾಣುತ್ತಿದೆ. ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸದ ಕೋಡ್) ಚೌಕ ಇಟ್ಟು, ಫೋಟೊ ಪೂರ್ತಿ ಅದರೊಳಗೆ ಕೂರುವಂತೆ 'ಆಬ್ಜೆಕ್ಟ್-ಫಿಟ್: ಕಂಟೇನ್' ಕೊಟ್ಟರೆ ಎಲ್ಲ ಸಮವಾಗುತ್ತದೆ, ಆದರೆ ಅಕ್ಕಪಕ್ಕ ಬಿಳಿ ಪಟ್ಟಿ ಉಳಿಯುತ್ತದೆ. ಸೀರೆ ಸಣ್ಣದಾಗಿ ಸೊರಗಿದ ಹಾಗೆ ಅನಿಸುತ್ತದೆ. ಥೀಮ್ ಬದಲಿಸಿದರೂ ಇದೇ ಕಥೆ. ಸ್ಲೈಡರ್, ಹಾರಾಡುವ ಬ್ಯಾನರ್ ಸಲಹೆ ಬೇಡ, ಅವು ಸುಮ್ನೆ ಪುಟ ಭಾರ ಮಾಡುತ್ತವೆ.

ಈಗ ಉಳಿದಿರುವುದು ಎರಡೇ ದಾರಿ. 3:4 ಅನುಪಾತ ಇಟ್ಟು, ಸೆರಗು ಮುಂದೆ ಬರುವಂತೆ ಮಡಚಿ ಎಲ್ಲ ಸೀರೆಗಳ ಫೋಟೊ ಮತ್ತೆ ತೆಗೆಯುವುದು. ಇಲ್ಲವೇ ಚೌಕವನ್ನೇ ಉಳಿಸಿ, ಪಟ್ಟಿಗೆ ಸೆರಗಿನ ಕ್ಲೋಸ್‌ಅಪ್ ಹಾಕಿ, ಪೂರ್ತಿ ಸೀರೆಯನ್ನು ಒಳಗಿನ ಗ್ಯಾಲರಿಯಲ್ಲಿ ತೋರಿಸುವುದು.

ಬಟ್ಟೆ ಮಾರುವ ಸೈಟ್ ಮಾಡಿದವರು ಹೇಳಿ: ಮೊಬೈಲ್‌ನಲ್ಲಿ ನೋಡುವ ಗ್ರಾಹಕರಿಗೆ ಇವೆರಡರಲ್ಲಿ ಯಾವುದು ಒಳ್ಳೆಯದು, ಯಾಕೆ?