ಬ್ರೆಜಿಲ್ ಪುಟ ಇರಬೇಕೋ, ತೆಗೀಬೇಕೋ?

ಮುಂಗಾರಿ, ರಾಯಚೂರು:
ನಾವು ಆರು ಮಂದಿ ಮೂರು ತಿಂಗಳಿಗೊಮ್ಮೆ ಪತ್ರಿಕೆ ತರ್ತೀವಿ. ಮುನ್ನೂರು ಪ್ರತಿ, ‘ಖಾಸಗಿ ಪ್ರಸಾರಕ್ಕೆ ಮಾತ್ರ’. ಪಗಾರ ಯಾರಿಗೂ ಇಲ್ಲ. ಹೋದ ಸಂಚಿಕೇಲಿ ಬ್ರೆಜಿಲ್‌ನ ಭೂಮಿಯಿಲ್ಲದವರ ಚಳವಳಿ, 1984ರಲ್ಲಿ ಹುಟ್ಟಿದ ಎಂಎಸ್‌ಟಿ ಬಗ್ಗೆ ನಾಲ್ಕು ಪುಟ ಹಾಕಿದ್ವಿ. ಮಾನ್ವಿ ಕಡೆ ರೈತರೊಬ್ಬರು ‘ಕಾಲುವೆ ಕೊನೀಗೆ ನೀರಿಲ್ಲ, ನೀವು ಬ್ರೆಜಿಲ್ ಕಥಿ ಹೇಳಕತ್ತೀರಿ’ ಅಂದ್ರು. ಹೊರದೇಶದ ಪುಟ ಮುಂದುವರಿಸೋದಾ?

ಕೊಪ್ಪಳದ ಮಾಸ್ತರ:
ನಿಲ್ಲಸ್ರಿ. ನಾನೂ ಓದೀನಿ. ‘ಭೂ ಆಕ್ರಮಣದ ಮೂಲಕ ಸಬಲೀಕರಣಗೊಂಡ ಕುಟುಂಬಗಳು’ ಅಂತ ಶುರು ಆಗತೈತಿ. ನಮ್ಮವ್ವಗ ಓದಿ ಹೇಳಿದ್ರ, ‘ಯಾರ ಹೊಲ ಯಾರು ಕಸಗೊಂಡ್ರೋ?’ ಅಂದ್ಲು.

ಎಡದಂಡೆ, ಸಿಂಧನೂರು:
ಮಾಸ್ತರ, ಭಾಷೆ ಕೆಟ್ಟದ್ದಕ್ಕ ವಿಷಯಾನ ಬ್ಯಾಡ ಅಂದ್ರ ಹ್ಯಾಂಗ? 1993ರಾಗ ಬಳ್ಳಾರಿ ಕಡೆ ಅಮೆರಿಕದ ಕಾರ್ಗಿಲ್ ಕಂಪನಿ ಬೀಜ ಘಟಕಾನ ರೈತ ಸಂಘದವರು ಕೆಡವಿದ್ರು. ಅದೇ ವರ್ಷ ಬೆಲ್ಜಿಯಂನ ಮೋನ್ಸ್‌ನಾಗ ಲಾ ವಿಯಾ ಕಂಪೆಸಿನಾ ಅನ್ನೋ ಹಲವು ದೇಶದ ರೈತರ ಒಕ್ಕೂಟ ಕಟ್ಟಿದ್ರು. ನಮ್ಮ ರೈತ ಸಂಘ ಅದರಾಗ ಸೇರಿತು. 1998ರ ನವೆಂಬರ್‌ನಾಗ ನಮ್ಮ ಜಿಲ್ಲಾದ ಮಲದಕಲ್‌ನಾಗ ಮೊನ್ಸಾಂಟೊ ಬೀಜ ಕಂಪನಿಯ ಪ್ರಯೋಗದ ಕುಲಾಂತರಿ ಹತ್ತಿ ಸುಟ್ರು. ಮರುವರ್ಷ ನೂರಾರು ರೈತರು ಯುರೋಪಿಗೆ ಜಾಥಾ ಹೋಗಿ ಬಂದ್ರು. ಅಲ್ಲಿನ ಪತ್ರಿಕೆದವರಿಗೆ ನಾವೇ ಹೊರದೇಶ!

ಬಿಸಿಲೂರು, ರಾಯಚೂರು:
ಅಣ್ಣ, ಸುಟ್ಟಿದ್ದು ಹೇಳಿದ್ರಿ. 2002ರಾಗ ಅದೇ ಕುಲಾಂತರಿ ಬಿಟಿ ಹತ್ತಿಗೆ ಸರ್ಕಾರದ ಒಪ್ಪಿಗೆ ಸಿಕ್ಕ ಮ್ಯಾಲ ಏನಾತು ಅಂತನೂ ಬರೀರಿ. ನಮ್ಮಪ್ಪಾನೇ ಬಿತ್ತಿದ. ಗೆದ್ದದ್ದಷ್ಟೇ ಹಾಕಿದ್ರ ಅದು ಕರಪತ್ರ.

ಎಡದಂಡೆ, ಸಿಂಧನೂರು:
ಖರೇ. ನಾನೂ ಬಿತ್ತೀನಿ.

ಕೋಟೆ ಕೆಳಗಿನ ಮನೆ, ಬಳ್ಳಾರಿ:
ನಾನು ಎರಡು ವರ್ಷ ಇಂಥದ್ದೇ ಪತ್ರಿಕೇಲಿ ದುಡಿದಿದೀನಿ. ಸಂಪಾದಕೀಯ ಯಾರು ಬರೀಬೇಕು ಅಂತ ಮೂವರು ಗಂಡಸರು ಜಗಳ ಆಡೋರು. ಕರಡು ತಿದ್ದೋದು, ವಿಳಾಸದ ಚೀಟಿ ಅಂಟಿಸೋದು, ಚಂದಾ ಮುಗಿದೋರಿಗೆ ಫೋನ್ ಮಾಡೋದು ನಾನೊಬ್ಬಳೇ. ಕೂಲಿಕಾರರ ಹಕ್ಕಿನ ವಿಶೇಷ ಸಂಚಿಕೆ ಅಂಚೆ ಕಚೇರಿಗೆ ಹೋಗಿದ್ದು ನನ್ನ ಆಟೋ ಬಾಡಿಗೇಲಿ. ಬ್ರೆಜಿಲ್ ಆಮೇಲೆ. ನಿಮ್ಮ ಆರು ಮಂದೀಲಿ ಗೋಂದು ಯಾರ ಕೈಗೆ ಮೆತ್ತಿದೆ, ಅದನ್ನ ಹೇಳಿ.

ಮುಂಗಾರಿ, ರಾಯಚೂರು:
ಇಬ್ಬರು ಹೆಣ್ಮಕ್ಕಳ ಕೈಗೇ, ಅಕ್ಕ. ಕೇಳೋವರೆಗೂ ಹೊಳೆದಿರಲಿಲ್ಲ.

ಕೊಪ್ಪಳದ ಮಾಸ್ತರ:
ಹಾಕೂದಾದ್ರ ಹಿಂಗ ಹಾಕ್ರಿ. ಭೂಮಿ ಸಮಾಜಕ್ಕ ಉಪಯೋಗ ಆಗಬೇಕು ಅಂತ ಬ್ರೆಜಿಲ್‌ನ 1988ರ ಸಂವಿಧಾನದಾಗ ಐತಿ. ಅದನ್ನ ಹಿಡಕೊಂಡೇ ಎಂಎಸ್‌ಟಿಯವರು ಪಾಳು ಬಿಟ್ಟ ದೊಡ್ಡ ಜಮೀನಿನಾಗ ಗುಡಿಸಲು ಹಾಕಿ ಕುಂದರತಾರ. ಇಲ್ಲಿ ಹಕ್ಕುಪತ್ರ ಇಲ್ಲದ ಸರ್ಕಾರಿ ಜಮೀನು ಉಳೋ ಬಗರ್‌ಹುಕುಂನವ, ಸಕ್ರಮ ಮಾಡ್ರಿ ಅಂತ ನಮೂನೆ 57ರ ಅರ್ಜಿ ತುಂಬಿ ಕಾಯಾಕ ಹತ್ಯಾನ. ಎರಡನ್ನೂ ಒಂದೇ ಪುಟದಾಗ ಎದುರಾಬದುರಾ ಇಡ್ರಿ.

ಬಿಸಿಲೂರು, ರಾಯಚೂರು:
57 ತುಂಬಿದವರು ನಮ್ಮೂರಾಗ ಅದಾರ. ಭಾನುವಾರ ಬರ್ರಿ. ಹನ್ನೊಂದರ ಒಳಗ ಬರ್ರಿ ಮತ್ತ, ಆಮ್ಯಾಲ ಬಿಸಲಿಗೆ ಕಟ್ಟಿ ಮ್ಯಾಲ ಒಬ್ರೂ ಇರಂಗಿಲ್ಲ.