ಪದಚರ್ಚೆ: ಫುಟ್‌ಬಾಲಿನ ‘ಎಂಗಾಂಚೆ’ಗೆ ಕನ್ನಡದಲ್ಲಿ ಏನನ್ನಬಹುದು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಹುವಾನ್ ರೊಮಾನ್ ರಿಕೆಲ್ಮೆ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದೇ ಒಂದು ಪದದ ಹತ್ತಿರ ನಾಲ್ಕು ದಿನದಿಂದ ನಿಂತಿದ್ದೇನೆ. ಅವನ ನಾಡಿನವರು ಅವನನ್ನು ‘ಎಂಗಾಂಚೆ’ ಅನ್ನುತ್ತಾರೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಸ್ಪ್ಯಾನಿಶ್‌ನಲ್ಲಿ ‘ಗಾಂಚೊ’ ಅಂದರೆ ಕೊಕ್ಕೆ. ‘ಎಂಗಾಂಚೆ’ ಅದರಿಂದಲೇ ಬಂದದ್ದು. ರೈಲಿನ ಎರಡು ಬೋಗಿಗಳನ್ನು ಸೇರಿಸುವ ಕಬ್ಬಿಣಕ್ಕೂ ಇದೇ ಮಾತು, ಗಾಡಿಗೆ ಕುದುರೆ ಕಟ್ಟುವುದಕ್ಕೂ ಇದೇ ಮಾತು. ಫುಟ್‌ಬಾಲಿನಲ್ಲಿ ಎಂಗಾಂಚೆ ಅಂದರೆ ನಡುಭಾಗದವರಿಗೂ ಗೋಲು ಹೊಡೆಯುವವರಿಗೂ ಮಧ್ಯೆ ನಿಂತು ಇಬ್ಬರನ್ನೂ ಸೇರಿಸುವವನು. ಸಾಮಾನ್ಯವಾಗಿ ಬೆನ್ನ ಮೇಲೆ 10ನೇ ನಂಬರ್ ಇರುತ್ತದೆ. ನಾವು ಎಲ್ಲರನ್ನೂ ಮಿಡ್‌ಫೀಲ್ಡರ್ ಅಂತ ಬರೆದು ಮುಂದೆ ಹೋಗುತ್ತೇವೆ. ಓಡೋಡಿ ಎದುರಾಳಿಯ ಚೆಂಡು ಕಸಿಯುವವನೂ ಮಿಡ್‌ಫೀಲ್ಡರೇ, ರಿಕೆಲ್ಮೆಯೂ ಮಿಡ್‌ಫೀಲ್ಡರೇ. ಅವನ ಕೆಲಸ ಆ ಪದದಲ್ಲಿ ಕಾಣುವುದೇ ಇಲ್ಲ.

ಆ ಕೆಲಸ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. 2000ದ ನವೆಂಬರ್ 28, ಟೋಕಿಯೊ. ರಿಕೆಲ್ಮೆಯ ಅರ್ಜೆಂಟೀನಾ ಕ್ಲಬ್ಬು ಬೊಕಾ ಜೂನಿಯರ್ಸ್ ಎದುರಿಗೆ ಸ್ಪೇನಿನ ರಿಯಲ್ ಮ್ಯಾಡ್ರಿಡ್. ರಿಕೆಲ್ಮೆಗೆ ಆಗ 22 ವರ್ಷ. ಆರನೇ ನಿಮಿಷದಲ್ಲಿ ತನ್ನ ತಂಡದ ಅರ್ಧದಿಂದಲೇ ಒಂದು ಉದ್ದನೆಯ ಪಾಸ್ ಕೊಟ್ಟ. ಓಡುತ್ತಿದ್ದ ಮಾರ್ಟಿನ್ ಪಲೆರ್ಮೊನ ಮುಂದಕ್ಕೇ ಚೆಂಡು ಹೋಗಿ ಬಿತ್ತು. ಗೋಲು. ಬೊಕಾ 2–1ರಿಂದ ಗೆದ್ದಿತು. ಎರಡೂ ಗೋಲು ಪಲೆರ್ಮೊನವೇ, ಆದರೆ ಆರನೇ ನಿಮಿಷದ ಆ ಎರಡನೆಯದನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬರುವುದು ಆ ಪಾಸು. ರಿಕೆಲ್ಮೆ ಜಾಸ್ತಿ ಓಡುತ್ತಿರಲಿಲ್ಲ. ಬೂಟಿನ ತಳವನ್ನು ಚೆಂಡಿನ ಮೇಲಿಟ್ಟು, ಬೆನ್ನಿನಿಂದ ಎದುರಾಳಿಯನ್ನು ತಡೆದು, ತನ್ನವನು ಸರಿಯಾದ ಜಾಗಕ್ಕೆ ಬರುವ ತನಕ ಕಾಯುತ್ತಿದ್ದ.

ಈಗ ಪದಗಳಿಗೆ ಬರೋಣ.

ನೇರವಾಗಿ ‘ಕೊಕ್ಕೆ’ ಅನ್ನಬಹುದಿತ್ತು. ಆದರೆ ಕನ್ನಡದಲ್ಲಿ ಕೊಕ್ಕೆ ಹಾಕುವುದು ಅಂದರೆ ಆಗುವ ಕೆಲಸಕ್ಕೆ ಅಡ್ಡಿ ಮಾಡುವುದು. ಆಟ ಕಟ್ಟುವವನಿಗೆ ಈ ಹೆಸರು ಸಲ್ಲದು.

ಗೆಳೆಯರೊಬ್ಬರು ‘ಸೂತ್ರಧಾರ’ ಅಂದರು. ಚೆನ್ನಾಗಿ ಕೇಳಿಸುತ್ತದೆ, ಒಪ್ಪುತ್ತೇನೆ. ಆದರೆ ಸೂತ್ರ ಹಿಡಿದವನು ಗೊಂಬೆಗಳಿಂದ ದೂರ, ಪರದೆಯ ಹಿಂದೆ ಇರುತ್ತಾನೆ. ರಿಕೆಲ್ಮೆ ಇದ್ದದ್ದು ಎದುರಾಳಿಗಳ ಮೊಣಕೈ ತಾಗುವ ಜಾಗದಲ್ಲಿ. ಅದೂ ಅಲ್ಲದೆ ಈಗ ಪೇಪರಿನಲ್ಲಿ ಸೂತ್ರಧಾರ ಅಂತ ಕಂಡರೆ ಯಾವುದೋ ಕೊಲೆ, ಯಾವುದೋ ಹಗರಣ ನೆನಪಾಗುತ್ತದೆ ಅಲ್ವಾ?

ನನ್ನ ಮನಸ್ಸು ವಾಲಿರುವುದು ‘ಕೊಂಡಿ’ಯ ಕಡೆಗೆ. ಸರಪಳಿಗೆ ಕೊಂಡಿ ಇದೆ, ಬಾಗಿಲ ಚಿಲಕಕ್ಕೆ ಕೊಂಡಿ ಇದೆ, ಅಂತರ್ಜಾಲದ ಪುಟಗಳಿಗೂ ಈಗ ಕೊಂಡಿ ಅಂತಲೇ ಬರೆಯುತ್ತೇವೆ. ಎಲ್ಲ ಕಡೆಯೂ ಎರಡನ್ನು ಸೇರಿಸುವ ಕೆಲಸ. ತೊಡಕೂ ಇದೆ. ಚೇಳಿಗೂ ಕೊಂಡಿ ಇದೆ. ಬಿಜ್ಜಳನ ಕಾಲದ ಕತೆಗಳಲ್ಲಿ ಬರುವ ಕೊಂಡಿ ಮಂಚಣ್ಣ ಹೆಸರಾದದ್ದೇ ಚಾಡಿಗೆ. ಹಿರಿಯರು ಯಾರಾದರೂ ತೀರಿಕೊಂಡರೆ ‘ಮತ್ತೊಂದು ಕೊಂಡಿ ಕಳಚಿತು’ ಅಂತ ಬರೆದು ಬರೆದು ಆ ಮಾತಿಗೆ ಸೂತಕವೇ ಅಂಟಿದೆ.

ಆದರೂ ನಾನು ಅದನ್ನೇ ಹಿಡಿದಿರುವುದಕ್ಕೆ ಕಾರಣ 2006ರ ಜೂನ್ 30ರ ಬರ್ಲಿನ್. ವಿಶ್ವಕಪ್ ಕ್ವಾರ್ಟರ್ ಫೈನಲ್, ಎದುರಿಗೆ ಜರ್ಮನಿ. ರಿಕೆಲ್ಮೆ ಹೊಡೆದ ಕಾರ್ನರ್‌ಗೆ ಅಯಾಲ ತಲೆ ಕೊಟ್ಟ, ಅರ್ಜೆಂಟೀನಾ 1–0. ಆಮೇಲೆ 72ನೇ ನಿಮಿಷದಲ್ಲಿ ಕೋಚ್ ಹೊಸೆ ಪೆಕರ್ಮನ್ ರಿಕೆಲ್ಮೆಯನ್ನು ಹೊರಗೆ ಕರೆದು ಕಾಂಬಿಯಾಸ್ಸೊನನ್ನು ಇಳಿಸಿದರು. 80ನೇ ನಿಮಿಷಕ್ಕೆ ಕ್ಲೋಸೆ ಗೋಲು ಹೊಡೆದು ಸಮ ಮಾಡಿದ. ಕೊನೆಗೆ ಪೆನಾಲ್ಟಿಗಳಲ್ಲಿ ಅರ್ಜೆಂಟೀನಾ 4–2ರಿಂದ ಸೋತಿತು. ಆ ಪಂದ್ಯವನ್ನು ಎಷ್ಟು ಸಲ ನೋಡಿದರೂ 72ನೇ ನಿಮಿಷಕ್ಕೆ ನನ್ನ ಬಾಯಲ್ಲಿ ಬರುವುದು ಒಂದೇ ಮಾತು: ಕೊಂಡಿ ಕಳಚಿತು. ಹಿಂದಿನವರು ಹಿಂದೆಯೇ ಉಳಿದರು, ಮುಂದಿನವರು ಮುಂದೆಯೇ ಉಳಿದರು.

2002ರಲ್ಲಿ ಬಾರ್ಸಿಲೋನಾ ಸೇರಿದಾಗಲೂ ಇದೇ ಕತೆ. ಅಲ್ಲಿನ ಕೋಚ್ ವಾನ್ ಗಾಲ್ ಅವನನ್ನು ಮೈದಾನದ ಅಂಚಿಗೆ ಕಳಿಸಿದರು. ನಡುವೆ ಇರಬೇಕಾದ ಕೊಂಡಿ ಅಂಚಿನಲ್ಲಿ ಏನು ಮಾಡೀತು? ಮರುವರ್ಷ ಸ್ಪೇನಿನದೇ ಇನ್ನೊಂದು ಕ್ಲಬ್ಬು ವಿಯಾರಿಯಲ್‌ಗೆ ಹೋದ. ಆ ಕ್ಲಬ್ಬಿನದು ಸುಮಾರು 50 ಸಾವಿರ ಜನರ ಊರು. ಅಲ್ಲಿ ಅವನನ್ನು ನಡುವೆ ನಿಲ್ಲಿಸಿ, ಸುತ್ತ ತಂಡ ಕಟ್ಟಿದರು. 2006ರಲ್ಲಿ ಆ ತಂಡ ಯುರೋಪಿನ ಕ್ಲಬ್ಬುಗಳ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತನಕ ಬಂತು. ಆರ್ಸೆನಲ್ ಎದುರು ಕೊನೆಯ ಗಳಿಗೆಯಲ್ಲಿ ಅವನು ಹೊಡೆದ ಪೆನಾಲ್ಟಿಯನ್ನು ಅವರ ಗೋಲ್‌ಕೀಪರ್ ಲೇಮನ್ ತಡೆದ. ಎಲ್ಲ ಭಾರ ಒಂದೇ ಕೊಂಡಿಯ ಮೇಲೆ ಬಿದ್ದರೆ ಹೀಗೂ ಆಗುತ್ತದೆ. ನನಗೆ ಆ ರಾತ್ರಿ ನೆನೆದರೆ ಈಗಲೂ ಸಂಕಟ. 2007ರಲ್ಲಿ ಬೊಕಾಗೆ ಮರಳಿ, ದಕ್ಷಿಣ ಅಮೆರಿಕದ ಕ್ಲಬ್ಬುಗಳ ಲಿಬರ್ತಡೋರೆಸ್ ಕಪ್ಪಿನ ಫೈನಲ್‌ನ ಎರಡು ಪಂದ್ಯಗಳಲ್ಲಿ ಬ್ರೆಜಿಲಿನ ಗ್ರೆಮಿಯೊ ವಿರುದ್ಧ ತಾನೇ ಮೂರು ಗೋಲು ಹೊಡೆದ.

ನಾಮಪದ ಕೊಂಡಿ ಆಯಿತು ಅನ್ನೋಣ. ಕ್ರಿಯಾಪದ? ಇಲ್ಲಿ ನನಗೆ ‘ಹೂಡು’ ತುಂಬ ಹಿಡಿಸಿದೆ. ಎತ್ತು ಹೂಡುತ್ತೇವೆ, ಬಂಡಿ ಹೂಡುತ್ತೇವೆ, ಒಲೆ ಹೂಡುತ್ತೇವೆ, ಸಂಸಾರ ಹೂಡುತ್ತೇವೆ, ಆಟವನ್ನೂ ಹೂಡುತ್ತೇವೆ. ಗಾಡಿಗೆ ಕುದುರೆ ಕಟ್ಟುವ ಸ್ಪ್ಯಾನಿಶ್ ಮಾತಿಗೆ ಇಷ್ಟು ಹತ್ತಿರದ್ದು ಬೇರೆ ಸಿಗಲಿಲ್ಲ. ‘ರಿಕೆಲ್ಮೆ ಆಟ ಹೂಡುತ್ತಿದ್ದ’ ಅಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಆದರೆ ಅದರಿಂದ ಹೆಸರು ಮಾಡಲು ಹೋದರೆ ಎಡವುತ್ತೇನೆ. ‘ಹೂಡುಗ’ ಅಂದರೆ ಓದುವಾಗ ಹುಡುಗ ಆಗಿಬಿಡುತ್ತದೆ. ‘ಹೂಟಗಾರ’ ಅಂದರೆ ಒಳಸಂಚಿನ ವಾಸನೆ ಬರುತ್ತದೆ. ಅಥವಾ ನನಗೆ ಮಾತ್ರ ಹಾಗನ್ನಿಸುತ್ತಿದೆಯಾ? ಹೂಟ ಅನ್ನುವುದನ್ನು ಒಳ್ಳೆಯ ಅರ್ಥದಲ್ಲಿ ಈಗಲೂ ಬಳಸುವ ಕಡೆಯವರು ಇದ್ದರೆ ದಯವಿಟ್ಟು ಹೇಳಿ. ನೊಗವನ್ನು ಈಸಿಗೆ ಬಿಗಿಯುವ ಹಗ್ಗಕ್ಕೆ ಕೆಲವು ಕಡೆ ‘ಮಿಣಿ’ ಅನ್ನುತ್ತಾರಲ್ಲ, ನಿಮ್ಮ ಕಡೆ ಅದಕ್ಕೆ ಏನು ಹೆಸರು ಅಂತಲೂ ತಿಳಿಸಿ. ಅಲ್ಲೇ ನನಗೆ ಬೇಕಾದ ಪದ ಅಡಗಿದ್ದರೂ ಇರಬಹುದು.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. 2000ದ ಮೇ 24ರಂದು ಬೊಕಾದ ಎದುರಾಳಿ ಕ್ಲಬ್ಬು ರಿವರ್ ಪ್ಲೇಟ್ ಜೊತೆಗಿನ ಪಂದ್ಯದಲ್ಲಿ, ಗೆರೆಯ ಹತ್ತಿರ ರಿಕೆಲ್ಮೆಯ ಬೆನ್ನಿಗೇ ಅಂಟಿಕೊಂಡು ರಿವರ್‌ನ ಮಾರಿಯೊ ಯೆಪೆಸ್ ನಿಂತಿದ್ದ. ರಿಕೆಲ್ಮೆ ತಿರುಗಿಯೂ ನೋಡದೆ ಚೆಂಡನ್ನು ಹಿಂದಕ್ಕೆಳೆದು ಅವನ ಎರಡು ಕಾಲಿನ ಸಂದಿಯಲ್ಲಿ ದಾಟಿಸಿದ. ತಾನು ಸುತ್ತಿ ಹೋಗಿ ಮತ್ತೆ ಚೆಂಡು ಹಿಡಿದ. ಅರ್ಜೆಂಟೀನಾದಲ್ಲಿ ಇದಕ್ಕೆ ‘ಕಾನ್ಯೊ’ ಅನ್ನುತ್ತಾರೆ, ಅಂದರೆ ಕೊಳವೆ. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಆಡಿ ಬೆಳೆದವರು, ಮಂಗಳೂರು ಕಡೆಯವರು ಯಾರಾದರೂ ಇಲ್ಲಿದ್ದೀರಾ? ಕಾಲ ಸಂದಿಯಲ್ಲಿ ಚೆಂಡು ದಾಟಿಸಿದಾಗ ನಿಮ್ಮ ಮೈದಾನದಲ್ಲಿ ಏನಂತ ಕೂಗುತ್ತಿದ್ದಿರಿ?