ಕ್ಷೌರದ ಕತ್ತಿಗೆ ಜಪಾನಿನ ಕಲ್ಲು: ಸಾಣೆಯೋ, ಮಸೆಯೋ, ಒರೆಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಷೌರದ ಕತ್ತಿಯನ್ನು ಜಪಾನಿನ ನೈಸರ್ಗಿಕ ಕಲ್ಲಿನ ಮೇಲೆ ಹರಿತ ಮಾಡುವುದನ್ನು ಕುರಿತು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಕಡೆ ಪದ ಸಿಗದೆ ಬರವಣಿಗೆ ನಿಂತಿದೆ.

ಕಲ್ಲಿಗೆ ಸಾಣೆಕಲ್ಲು, ಮಸೆಗಲ್ಲು, ಒರೆಗಲ್ಲು ಎಂಬ ಮೂರು ಪದಗಳೂ ಬರಹಗಳಲ್ಲಿ ಸಿಗುತ್ತವೆ. ಮೂರೂ ಒಂದೆಯೇ? ಕಲ್ಲಿಗೆ ನೀರು ಹನಿಸಿ ಇನ್ನೊಂದು ಸಣ್ಣ ಕಲ್ಲಿನಿಂದ ಉಜ್ಜಿದಾಗ ಹಾಲಿನಂತೆ ಏಳುವ ‘ಸ್ಲರಿ’ಗೆ ಏನನ್ನೋಣ? ರಾಡಿ, ಕೆಸರು ಎಂದು ಬರೆದರೆ ಓದುವವರು ಅದನ್ನು ತೊಳೆದು ಚೆಲ್ಲಬೇಕಾದ ಕೊಳೆ ಎಂದುಕೊಳ್ಳುತ್ತಾರೆ. ‘ನಗುರ’ (ಉಜ್ಜುವ ಆ ಸಣ್ಣ ಕಲ್ಲು), ‘ಅವಸೆದೊ’ (ಕೊನೆಗೆ ಮಸೆಯುವ ನಯವಾದ ಕಲ್ಲು) ಪದಗಳನ್ನು ಹಾಗೆಯೇ ಇಟ್ಟುಕೊಳ್ಳಬಹುದೇ? ‘10,000 ಗ್ರಿಟ್‌ನ ನೈಸರ್ಗಿಕ ಕಲ್ಲು’ ಎಂಬ ಮಾತು ಸರಿಯೇ?

ಉತ್ತರ

ಒರೆಗಲ್ಲನ್ನು ಮೊದಲು ಬಿಟ್ಟುಬಿಡಿ. ಅದು ಅಕ್ಕಸಾಲಿಗರ ಕಲ್ಲು. ಚಿನ್ನವನ್ನು ಅದರ ಮೇಲೆ ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡಿ ಅಪ್ಪಟವೋ ಬೆರಕೆಯೋ ಹೇಳುತ್ತಾರೆ. ಕತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಸಾಣೆ ಸಂಸ್ಕೃತದ ‘ಶಾಣ’ದಿಂದ ಬಂದದ್ದು. ನಿಘಂಟಿನ ಪ್ರಕಾರ ಹರಿತ ಮಾಡುವ ಕಲ್ಲಿಗೂ ಸಲ್ಲುತ್ತದೆ. ಆದರೆ ಇವತ್ತು ‘ಸಾಣೆ ಹಿಡಿಸಿದೆ’ ಎಂದರೆ ಕಣ್ಣಿಗೆ ಬರುವುದು ತಿರುಗುವ ಚಕ್ರ, ಹಾರುವ ಕಿಡಿ. ಕ್ಷೌರದ ಕತ್ತಿಯ ತೆಳು ಅಲಗನ್ನು ಅಂಥ ಚಕ್ರಕ್ಕೆ ಕೊಟ್ಟರೆ ಕಾವಿಗೆ ಉಕ್ಕಿನ ಹದವೇ ಹೋಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಕೈಪಿಡಿಯಲ್ಲಿ ಸಾಣೆ ಎಂದು ಬರೆದು ಯಾರಾದರೂ ಅದನ್ನೇ ಮಾಡಿಬಿಟ್ಟರೆ ಒಂದು ಒಳ್ಳೆಯ ಕತ್ತಿ ಹಾಳು. ಆದ್ದರಿಂದ ಕಲ್ಲಿಗೆ ಮಸೆಗಲ್ಲು, ಕೆಲಸಕ್ಕೆ ಮಸೆಯುವುದು. ಜಪಾನಿನವರ ‘ತೊಯ್ಶಿ’ಗೆ ಇದಕ್ಕಿಂತ ಹತ್ತಿರದ ಪದ ನಮ್ಮಲ್ಲಿಲ್ಲ.

‘ಕ್ಷೌರದ ಕತ್ತಿ’ ಎಂದಷ್ಟೇ ಬರೆದರೂ ಸಾಲದು. ಈಗ ಅಂಗಡಿಗಳಲ್ಲಿ ಇರುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ, ಅದಕ್ಕೆ ಮಸೆತ ಬೇಕಿಲ್ಲ. ‘ಮಸೆಯುವ ಕ್ಷೌರದ ಕತ್ತಿ’ ಎಂದು ಮೊದಲ ಪುಟದಲ್ಲೇ ಹೇಳಿಬಿಡಿ.

ಸ್ಲರಿಗೆ ಬರೋಣ. ನಮ್ಮಲ್ಲಿ ಗಂಧದ ಕೊರಡನ್ನು ಕಲ್ಲಿನ ಮೇಲೆ ನೀರು ಹನಿಸಿ ತೇಯುತ್ತೇವೆ, ಬೇಕಾದ ಹದಕ್ಕೆ ಬರುವವರೆಗೆ. ಇಲ್ಲೂ ಕೈ ಮಾಡುವ ಕೆಲಸ ಅದೇ. ಹಾಗಾಗಿ ನಗುರವನ್ನು ‘ತೇಯುವುದು’, ಬಂದದ್ದು ‘ತೇಯ್ದ ಹಾಲು’. ರಾಡಿ ಎನ್ನಬಾರದೆಂಬ ನಿಮ್ಮ ಅನುಮಾನ ಸರಿಯಾದದ್ದು. ಉಕ್ಕನ್ನು ಸವೆಸುವುದು ಆ ಹಾಲಿನಲ್ಲಿ ತೇಲುವ ಕಣಗಳೇ, ನಡುವೆಯೇ ತೊಳೆದು ಚೆಲ್ಲಿದರೆ ಕೆಲಸವೇ ನಿಂತಂತೆ.

ನಗುರ, ಅವಸೆದೊ ಎರಡನ್ನೂ ಹಾಗೆಯೇ ಇಡಿ, ಆದರೆ ಒಂದು ಸಾಲಿನ ವಿವರಣೆ ಇರಲಿ. ಜಪಾನಿನಲ್ಲಿ ಕಲ್ಲುಗಳನ್ನು ಒರಟಿನ ಅರತೊ, ನಡುವಿನ ನಕತೊ, ಕೊನೆಯ ಶಿಅಗೆತೊ ಎಂದು ವಿಂಗಡಿಸುತ್ತಾರೆ. ಕ್ಯೋಟೋ ಸುತ್ತಲಿನ ಬೆಟ್ಟಗಳಿಂದ ತೆಗೆದ ಕೊನೆಮಸೆಯ ಕಲ್ಲೇ ಅವಸೆದೊ. ನರುತಾಕಿ, ನಕಯಾಮಾ, ಓಝುಕು, ಓಹಿರಾ ಇವೆಲ್ಲ ಅಲ್ಲಿನ ಗಣಿಗಳ ಹೆಸರು, ಬಹುಪಾಲು ಈಗ ಮುಚ್ಚಿವೆ. ಆಳಸಮುದ್ರದ ತಳದಲ್ಲಿ ಸುಮಾರು 25 ಕೋಟಿ ವರ್ಷಗಳ ಹಿಂದೆ ಬಲು ನಿಧಾನಕ್ಕೆ ಕೂತ ಜೇಡಿ ಮತ್ತು ಸಿಲಿಕಾ ಗಟ್ಟಿಯಾಗಿ ಆದ ಪದರಗಲ್ಲು ಇದು. ಕಣ ಅಷ್ಟು ನಯವಾಗಿರುವುದಕ್ಕೂ, ನೀರು ಹೊಕ್ಕರೆ ಪದರ ಬಿಡುವುದಕ್ಕೂ ಕಾರಣ ಒಂದೇ. ಕೈಪಿಡಿಯಲ್ಲಿ ‘ಕಲ್ಲನ್ನು ನೆನೆಹಾಕಿ’ ಎಂದು ಬರೆಯಲೇಬೇಡಿ. ಕೆಲವು ಕೃತಕ ಕಲ್ಲುಗಳಿಗೆ ಸಲ್ಲುವ ಆ ಮಾತು ಅವಸೆದೊವನ್ನು ಸೀಳಿಸಬಹುದು. ಮೇಲೆ ನೀರು ಹನಿಸಿದರೆ ಸಾಕು. ಪಕ್ಕಗಳಿಗೂ ತಳಕ್ಕೂ ಅರಗಿನ ಮೆರುಗನ್ನೋ ವಾರ್ನಿಷನ್ನೋ ಎರಡು ಮೂರು ಸಲ ಬಳಿದಿಡುವುದು ಈ ಕಾರಣಕ್ಕೇ.

ನಗುರದಲ್ಲಿ ಎರಡು ಬಗೆ. ಇವನ್ನು ಬೆರೆಸಿದರೆ ನಿಮ್ಮ ಓದುಗರು ದಾರಿ ತಪ್ಪುತ್ತಾರೆ. ‘ತೊಮೊನಗುರ’ ಎಂದರೆ ಮಸೆಗಲ್ಲಿನ ಜಾತಿಯದೇ ಆದ ಸಣ್ಣ ತುಂಡು. ‘ಮಿಕಾವ ನಗುರ’ ಬೇರೆ ಕಲ್ಲು, ಈಗಿನ ಐಚಿ ಪ್ರಾಂತ್ಯದ ಬಿಳಿಯ ಜ್ವಾಲಾಮುಖಿ ಬೂದಿಗಲ್ಲು. ಅದರಲ್ಲಿ ಒರಟಿನಿಂದ ನಯಕ್ಕೆ ಬೊತಾನ್, ತೆಂಜೋ, ಮೆಜಿರೊ, ಕೊಮಾ ಎಂಬ ದರ್ಜೆಗಳಿವೆ. ಮಿಕಾವ ತೇಯ್ದಾಗ ಮಸೆಯುವುದು ನಗುರದ ಕಣ, ಕೆಳಗಿನ ಗಟ್ಟಿ ಕಲ್ಲು ಬರೀ ಹಾಸುಗಲ್ಲಾಗಿ ನಿಲ್ಲುತ್ತದೆ. ತೊಮೊನಗುರ ತೇಯ್ದಾಗ ಕೆಲಸ ಮಾಡುವುದು ಆ ಜಾತಿಯದೇ ಕಣ. ನಗುರ ಮಸೆಗಲ್ಲಿಗಿಂತ ಗಟ್ಟಿಯಾಗಿದ್ದರೆ ಮಸೆಗಲ್ಲೇ ಕರಗಿ ಹಾಲಾಗುತ್ತದೆ.

‘10,000 ಗ್ರಿಟ್‌ನ ನೈಸರ್ಗಿಕ ಕಲ್ಲು’ ಎಂಬುದನ್ನು ಹೊಡೆದುಹಾಕಿ. ಗ್ರಿಟ್ ಎನ್ನುವುದು ಕಣಗಳನ್ನು ಜರಡಿ ಹಿಡಿದು ಅಳೆದು ಮಾಡಿದ ಕೃತಕ ಕಲ್ಲಿನ ಲೆಕ್ಕ, ಅಂಕಿ ಹೆಚ್ಚಿದಷ್ಟೂ ಕಣ ನಯ. ಬೆಟ್ಟದ ಕಲ್ಲಿನಲ್ಲಿ ಕಣದ ಗಾತ್ರ, ಕಣ ಬಿಡುವ ಗುಣ, ಗಟ್ಟಿತನ ಮೂರೂ ಸೇರಿ ಅಲಗಿನ ಗತಿ ನಿರ್ಧಾರವಾಗುತ್ತದೆ. ‘ಗಟ್ಟಿ’, ‘ಮೆತು’ ಎಂದು ಬರೆಯಿರಿ. ಕ್ಷೌರದ ಕತ್ತಿಯ ಕೊನೆಮಸೆಗೆ ಬೇಕಾದದ್ದು ಗಟ್ಟಿ ಕಲ್ಲು, ತಾನಾಗಿ ಕಣ ಬಿಡದಂಥದ್ದು.

ಕ್ರಮವನ್ನು ವಿವರಿಸುವಾಗ ಒಂದೊಂದು ಹಂತಕ್ಕೂ ಬೇರೆ ಪದ ಬಳಸಿದರೆ ಗೊಂದಲ ತಾನಾಗಿ ಹೋಗುತ್ತದೆ. ನನ್ನ ಸಲಹೆ ಹೀಗೆ.

‘ಇಳಿಜಾರು ಕೂರಿಸುವುದು’: ಬಾಯಿಯ ಎರಡು ಬದಿಯ ಇಳಿಜಾರುಗಳು ಒಂದೇ ಅಂಚಿನಲ್ಲಿ ಕೂಡುವಂತೆ ಮಾಡುವುದು. ಇದು 1000 ಗ್ರಿಟ್‌ನ ಕೃತಕ ಕಲ್ಲಿನ ಮೇಲೆ. ಕತ್ತಿಯ ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಬೇಕು, ಕೋನವನ್ನು ಕಾಯುವುದು ಬೆನ್ನು. ಹಿಡಿಯ ಬುಡದಿಂದ ತುದಿಯವರೆಗೆ ಎಲ್ಲಿ ಮುಟ್ಟಿಸಿದರೂ ತೋಳಿನ ರೋಮ ಒಂದೇ ಸಮ ಕತ್ತರಿಸಬೇಕು. ಇಷ್ಟಾಗದೆ ಮುಂದೆ ಹೋದರೆ ಅವಸೆದೊ ಏನೂ ಮಾಡಲಾರದು. ಅದು ಹೆರೆಯುವುದು ಬಲು ಕಡಿಮೆ, ಎರಡು ಇಳಿಜಾರು ಕೂಡದ ಜಾಗವನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಮಸೆತ ಕೆಟ್ಟಿತೆಂದು ಕೊನೆಯ ಕಲ್ಲನ್ನು ದೂರುವ ಬಹುಪಾಲು ಪ್ರಸಂಗಗಳಲ್ಲಿ ತಪ್ಪಿರುವುದು ಇಲ್ಲಿ.

‘ಹಾಲುಮಸೆ’: 5000, 8000ದ ಕಲ್ಲಿನ ನಂತರ ಅವಸೆದೊ. ಮೊದಲು ಕಲ್ಲು ಮಟ್ಟಸವಾಗಿರಬೇಕು. ಮೇಲೆ ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು ವಜ್ರಪುಡಿಯ ಹಲಗೆಯಿಂದ ನೀರಿನಲ್ಲಿ ಉಜ್ಜಿ, ಗೆರೆಯೆಲ್ಲ ಅಳಿಸಿದರೆ ಮಟ್ಟ ಬಂದಂತೆ. ಆಮೇಲೆ ಅರ್ಧ ಚಮಚ ನೀರು ಹನಿಸಿ, ತೊಮೊನಗುರವನ್ನು ಸಣ್ಣ ಸುತ್ತುಗಳಲ್ಲಿ ತೇಯ್ದು ತೆಳು ಹಾಲಿನ ಹದಕ್ಕೆ ತನ್ನಿ. ಕತ್ತಿಯ ಭಾರವೇ ಸಾಕು, ಕೈಯ ಒತ್ತಡ ಬೇಡ. ಒತ್ತಿದರೆ ತೆಳು ಅಲಗು ಬಾಗಿ, ಬಾಯಿ ಕಲ್ಲಿನಿಂದ ಮೇಲೇಳುತ್ತದೆ. ಹಾಲು ನಿಧಾನಕ್ಕೆ ಬೂದುಬಣ್ಣಕ್ಕೆ ತಿರುಗುವುದು ಸವೆದ ಉಕ್ಕಿನಿಂದ. ಗಟ್ಟಿಯಾಗುತ್ತಿದೆ ಅನ್ನಿಸಿದರೆ ಎರಡು ಮೂರು ಹನಿ ನೀರು ಸೇರಿಸಿ, ಒಣಗಲು ಬಿಡಬೇಡಿ. ಹಂತಹಂತವಾಗಿ ತೆಳುವಾಗುತ್ತ ಹೋಗಬೇಕು.

‘ನೀರುಮಸೆ’: ಕೊನೆಗೆ ಹಾಲನ್ನು ತೊಳೆದು, ಬರೀ ನೀರಿನ ಮೇಲೆ 20–30 ಎಳೆತ. ದಪ್ಪ ಹಾಲಿನಲ್ಲೇ ನಿಲ್ಲಿಸಿದರೆ ತೇಲುವ ಕಣಗಳು ಬಾಯಿಗೆ ಎದುರಾಗಿ ಬಡಿದು ಅದನ್ನು ಕೊಂಚ ಮೊಂಡು ಮಾಡಿರುತ್ತವೆ. ಆ ಮೊಂಡು ಕಳೆಯುವುದು ಇಲ್ಲಿ. ಅಲಗು ಕಲ್ಲಿಗೆ ಅಂಟಿದಂತೆ ಎಳೆಯತೊಡಗಿದರೆ ಇಳಿಜಾರು ಕಲ್ಲಿನ ಮೇಲೆ ಪೂರ್ತಿ ಕೂತಿದೆ ಎಂದರ್ಥ.

ಇನ್ನೊಂದು ಉತ್ತರ

ಮೇಲಿನವರ ‘ಹಾಲುಮಸೆ’, ‘ನೀರುಮಸೆ’ ಜೋಡಿ ಚೆನ್ನಾಗಿದೆ. ‘ಎಳೆತ’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಲ್ಲಿನ ಮೇಲೆ ಕತ್ತಿ ಹೋಗುವುದು ಬಾಯಿ ಮುಂದಾಗಿ, ಮಸೆದ ಮೇಲೆ ಬಾಯಿಯನ್ನು ನಯಗೊಳಿಸುವ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಪಟ್ಟಿಯ ಮೇಲೆ ಬಾಯಿ ಮುಂದಾದರೆ ಚರ್ಮವೇ ಸೀಳುತ್ತದೆ. ಎರಡಕ್ಕೂ ‘ಎಳೆ’ ಎಂದರೆ ಓದುವವರು ಒಂದೇ ದಿಕ್ಕು ಎಂದುಕೊಂಡಾರು. ಕಲ್ಲಿಗೆ ‘ಸವರು’, ಪಟ್ಟಿಗೆ ‘ಎಳೆ’ ಎಂದಿಟ್ಟುಕೊಳ್ಳಿ. ಕಲ್ಲಿನಿಂದ ತೆಗೆದ ಮೇಲೆ ಪಟ್ಟಿಗೆ 50–60 ಸಲ ಎಳೆಯುವುದು ವಾಡಿಕೆ. ಎರಡರಲ್ಲೂ ಮಗುಚುವುದು ಬೆನ್ನಿನ ಮೇಲೆ, ಬಾಯಿಯ ಮೇಲಲ್ಲ.

ಜಪಾನಿನದೇ ಕ್ಷೌರದ ಕತ್ತಿ ‘ಕಮಿಸೊರಿ’ಯನ್ನೂ ಕೈಪಿಡಿಯಲ್ಲಿ ಸೇರಿಸುವುದಾದರೆ ಪ್ರತ್ಯೇಕ ಅಧ್ಯಾಯ ಬೇಕು. ಅದಕ್ಕೆ ಮಡಿಚುವ ಹಿಡಿಯಿಲ್ಲ, ಎರಡು ಬದಿಗಳೂ ಒಂದೇ ಆಕಾರದವಲ್ಲ, ಹಾಗಾಗಿ ಮಸೆತವೂ ಎರಡು ಬದಿಗೆ ಸಮಸಮ ಅಲ್ಲ. ಮೆತು ಕಬ್ಬಿಣಕ್ಕೆ ಗಟ್ಟಿ ಉಕ್ಕನ್ನು ಬೆಸೆದು ಮಾಡಿರುವುದರಿಂದ, ನೈಸರ್ಗಿಕ ಕಲ್ಲಿನ ಮೇಲೆ ಕಬ್ಬಿಣದ ಭಾಗ ಮಸುಕಾಗಿ, ಉಕ್ಕಿನ ಅಂಚು ಹೊಳಪಾಗಿ ಬೇರೆಬೇರೆ ಕಾಣುತ್ತವೆ. ಆ ಮಸುಕಿಗೆ ಅವರು ‘ಕಸುಮಿ’ ಅನ್ನುತ್ತಾರೆ, ಮಂಜು ಎಂದು ಅರ್ಥ. ‘ಮಬ್ಬು’ ಎಂದು ಬರೆದರೆ ದೋಷವೇನೋ ಅನ್ನಿಸುತ್ತದೆ, ‘ಮಂಜು’ ಎಂದೇ ಇಡಿ.

ಕಲ್ಲಿನ ಮೈಮೇಲಿನ ಗೆರೆಗಳಿಗೆ ‘ಸುಜಿ’ ಎಂಬ ಪದವಿದೆ, ಅದಕ್ಕೆ ‘ಎಳೆಗೆರೆ’ ಸಾಕು. ಉಗುರಿನಿಂದ ಅಡ್ಡಕ್ಕೆ ಗೀರಿ ನೋಡಲು ಹೇಳಿ. ಉಗುರಿಗೆ ತಡೆಯದ ಗೆರೆ ಬಣ್ಣ ಮಾತ್ರ. ತಡೆಯುವ ಗೆರೆ ಅಲಗನ್ನು ಗೀರುತ್ತದೆ, ಅದನ್ನು ಬೇರೊಂದು ಚೂಪು ಉಪಕರಣದ ಮೊನೆಯಿಂದ ಕೆರೆದು ಮೇಲ್ಮೈಗಿಂತ ತಗ್ಗು ಮಾಡಿದ ಮೇಲೆಯೇ ಕತ್ತಿ ಇಡಬೇಕು.